ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಮತ್ತೆ ಆಸ್ಪತ್ರೆಗೆ

(ವೈದ್ಯಕೀಯ ನೆರವು ನಿಧಿಯ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತನಾದವನು. ನಿಧಿಗೆ ಬಂದ ಅರ್ಜಿಗಳನ್ನು ಹಳೆಯ ಅಭ್ಯಾಸದಂತೆ ಹೆಸರುವಾರು ಜೋಡಿಸಿ ನೋಡಿದೆ. ಕೆಲವೇ ಹೆಸರುಗಳು ಮತ್ತೆ ಮತ್ತೆ ಬಂದಿದ್ದವು. ಹೆಚ್ಚಿನವರು ವಯಸ್ಸಾದವರು: ಹೃದಯ, ಸಕ್ಕರೆ ಕಾಯಿಲೆ, ಉಬ್ಬಸ, ಜಾರಿ ಬಿದ್ದು ಸೊಂಟ ಮುರಿದದ್ದು.

ಅವರಲ್ಲಿ ಒಬ್ಬ ಅಜ್ಜಿ. ಮಲೆನಾಡಿನಿಂದ ಮಗನ ಮನೆಗೆ ಬಂದವರು. ಕಾಲು ಊದಿಕೊಂಡು, ಉಸಿರು ಕಟ್ಟಿ ಮೂರು ಸಲ ದಾಖಲಾಗಿದ್ದರು. ಮನೆಗೆ ಹೋಗಿ ವಿಚಾರಿಸಿದಾಗ ತಿಳಿಯಿತು: ನೀರು ಇಳಿಸುವ ಮಾತ್ರೆಯನ್ನು ಅವರು ನಿಲ್ಲಿಸಿಬಿಟ್ಟಿದ್ದರು. ರಾತ್ರಿ ಪದೇ ಪದೇ ಏಳಬೇಕು, ಸೊಸೆಗೆ ನಿದ್ದೆ ಕೆಡುತ್ತದೆ ಎಂಬ ಸಂಕೋಚ. ಬೆಳಗಿನ ಮಾತ್ರೆ ಎಂದು ಕವರಿನ ಮೇಲೆ ತಮಿಳಿನಲ್ಲಿ ಬರೆದಿತ್ತು. ಅಜ್ಜಿಗೆ ಕನ್ನಡ ಮಾತ್ರ ಓದಲು ಬರುತ್ತದೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2021ರ ಆಗಸ್ಟಿನಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆ ಬಾಗಿಲಿಗೇ ಬರುತ್ತವೆ. ಗಿಂಡಿಯಲ್ಲಿ 2024ರಿಂದ ಹಿರಿಯರಿಗೆಂದೇ ರಾಷ್ಟ್ರೀಯ ಆಸ್ಪತ್ರೆ ಇದೆ. 70 ದಾಟಿದವರಿಗೆ ಕೇಂದ್ರ ಸರ್ಕಾರ ಅದೇ ವರ್ಷ ವಿಮೆ ಘೋಷಿಸಿತು. ಆದರೆ ವಿಮೆ ಹಾಸಿಗೆಯ ಖರ್ಚಿಗೆ ಬರುತ್ತದೆ. ತಿಂಗಳ ತಿಂಗಳ ಮಾತ್ರೆಗೆ, ತಪಾಸಣೆಗೆ ಹೋಗುವ ಆಟೋ ಬಾಡಿಗೆಗೆ, ಬಚ್ಚಲಲ್ಲಿ ಹಿಡಿಕೆ ಹಾಕಿಸಲು ಬರುವುದಿಲ್ಲ. ನಮ್ಮ ನಿಧಿಯೂ ಇದುವರೆಗೆ ದೊಡ್ಡ ಬಿಲ್ಲಿಗೇ ಕೊಟ್ಟಿದೆ.

ದಾನಿಗಳ ಮುಂದೆ ಸುಳ್ಳು ಭರವಸೆ ಇಡಲಾರೆ. ಅಮೆರಿಕದ ಕ್ಯಾಮ್ಡನ್ ಎಂಬ ಊರಿನಲ್ಲಿ ಹೀಗೆ ಪದೇ ಪದೇ ದಾಖಲಾಗುವವರ ಮನೆಗೇ ನರ್ಸು, ಸಮಾಜ ಕಾರ್ಯಕರ್ತರನ್ನು ಕಳುಹಿಸಿದರು. 800 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನೆರವು ಪಡೆದವರಲ್ಲೂ ಪಡೆಯದವರಲ್ಲೂ ಆರು ತಿಂಗಳೊಳಗೆ ಸುಮಾರು ಶೇ. 62 ಮಂದಿ ಮತ್ತೆ ದಾಖಲಾಗಿದ್ದರು. ಕಾಯಿಲೆ ಉಲ್ಬಣಿಸಿದಾಗ ದಾಖಲಾದವರಲ್ಲಿ ಹಲವರು ತಾವಾಗಿಯೇ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ. ಅದನ್ನು ನಮ್ಮ ಸಾಧನೆಯೆಂದು ಜಮಾ ಮಾಡಿಕೊಳ್ಳಬಾರದು.

ಹಾಗಾಗಿ, ಆಸ್ಪತ್ರೆ ಬಿಲ್ಲು ಇಳಿಯುತ್ತದೆ ಎಂದು ಹೇಳಿ ನಾನು ಹಣ ಕೇಳುತ್ತಿಲ್ಲ. ಆ ಅಜ್ಜಿಯ ಮಾತ್ರೆ ಡಬ್ಬಿಗಳ ಮೇಲೆ ನಮ್ಮ ಸದಸ್ಯೆಯೊಬ್ಬರು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದುಕೊಟ್ಟರು, ಡಾಕ್ಟರರ ಬಳಿ ಜೊತೆಗೆ ಹೋಗಿ ಅವರ ಸಂಕೋಚವನ್ನು ತಿಳಿಸಿದರು. ಆಮೇಲೂ ಅಜ್ಜಿ ಒಮ್ಮೆ ದಾಖಲಾದರು. ಆದರೆ ಈಗ ಮಾತ್ರೆ ಬಿಡುತ್ತಿಲ್ಲ, ಬೆಳಗ್ಗೆ ಕೋಲು ಹಿಡಿದು ಬೀದಿಯ ಕೊನೆಯವರೆಗೆ ನಡೆಯುತ್ತಾರೆ.

ನನ್ನ ಕೋರಿಕೆ ಎರಡು. ನಿಧಿಯ ಒಂದು ಪಾಲನ್ನು ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರ ಮೊದಲ ಮೂರು ತಿಂಗಳ ಮಾತ್ರೆ, ಓಡಾಟಕ್ಕೆ ಮೀಸಲಿಡೋಣ. ಹಣ ಕೊಡಲಾಗದವರು ತಿಂಗಳಿಗೆ ಎರಡು ಗಂಟೆ ಕೊಡಿ. ತಮಿಳೂ ಕನ್ನಡವೂ ಬಲ್ಲವರು ಈ ಊರಿನಲ್ಲಿ ನಾವೇ ತಾನೆ? ಈ ಕೆಲಸವನ್ನು ನಮಗಾಗಿ ಬೇರೆ ಯಾರೂ ಮಾಡಿಕೊಡುವುದಿಲ್ಲ.