ನೀರ ಹನಿಯಿಂದ ಕಿಡಿ



ನೀರು ತಗುಲಿದ ಕಡೆ ವಿದ್ಯುತ್ತು ಸೋರಿಹೋಗುವುದೆಂಬುದು ಎಲ್ಲರಿಗೂ ತಿಳಿದ ಮಾತು. ಹೀಗಿರುವಲ್ಲಿ, ತೊಟ್ಟಿಕ್ಕುವ ನೀರಿನಿಂದಲೇ ಸಾವಿರಾರು ವೋಲ್ಟುಗಳನ್ನು ಪಡೆಯಬಹುದೆಂದರೆ ಕೇಳಿದವರು ನಂಬುವುದಕ್ಕಿಂತ ನಗುವುದೇ ಹೆಚ್ಚು. ಆದರೂ ಇದು ನಿಜ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಆಚಾರ್ಯನಾಗಿದ್ದ ವಿಲಿಯಂ ಥಾಮ್ಸನ್, ಮುಂದೆ 1892ರಲ್ಲಿ ಲಾರ್ಡ್ ಕೆಲ್ವಿನ್ ಎನಿಸಿಕೊಂಡಾತ, 1867ರಲ್ಲಿ ಇಂತಹ ಯಂತ್ರವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದನು. ತಿರುಗುವ ಚಕ್ರವಿಲ್ಲ, ಉಜ್ಜುವ ಗಾಜಿಲ್ಲ. ಎರಡು ನೀರಿನ ಧಾರೆ, ಎರಡು ಲೋಹದ ಬಳೆ, ಎರಡು ಡಬ್ಬಿ, ಎರಡು ತಂತಿ, ಇಷ್ಟೇ ಸಾಮಗ್ರಿ. ಸಾಮಗ್ರಿ ಸುಲಭವಾದುದರಿಂದ ಹುಡುಗರು ಉತ್ಸಾಹದಿಂದ ಕಟ್ಟುತ್ತಾರೆ. ಕಿಡಿ ಹಾರದಿರಲು, ಪುಸ್ತಕವೇ ಸುಳ್ಳೆಂದು ಬಿಟ್ಟುಬಿಡುತ್ತಾರೆ. ಹಾಗೆ ಕೈಬಿಟ್ಟವರಿಗಾಗಿಯೇ ಈ ಭಾಷಣ.

ಯಂತ್ರದ ಮರ್ಮವನ್ನು ಮೊದಲು ತಿಳಿಯೋಣ. ಧಾರೆಗಳೆರಡೂ ಒಂದೇ ತೊಟ್ಟಿಯಿಂದ ಇಳಿದು, ತಮ್ಮ ತಮ್ಮ ಬಳೆಯ ನಡುವೆ ಹಾದು, ಕೆಳಗಿನ ಡಬ್ಬಿಗಳಿಗೆ ಬೀಳುತ್ತವೆ. ಎಡಗಡೆಯ ಡಬ್ಬಿಯನ್ನು ಬಲಗಡೆಯ ಬಳೆಗೂ, ಬಲಗಡೆಯ ಡಬ್ಬಿಯನ್ನು ಎಡಗಡೆಯ ಬಳೆಗೂ ತಂತಿಯಿಂದ ಜೋಡಿಸಿದೆ. ಯಾವುದೋ ಆಕಸ್ಮಿಕದಿಂದ ಎಡಡಬ್ಬಿಯಲ್ಲಿ ಲೇಶಮಾತ್ರ ಋಣವಿದ್ಯುತ್ತು ಇದ್ದಿತೆನ್ನಿ. ಬಲಬಳೆಯೂ ಋಣವಾಗಿ, ತನ್ನೊಳಗಿನ ಧಾರೆಯ ತುದಿಗೆ ಧನವಿದ್ಯುತ್ತನ್ನು ಸೆಳೆಯುತ್ತದೆ. ಹನಿ ಅಲ್ಲಿ ತುಂಡಾದರೆ ಆ ಧನವನ್ನು ಹೊತ್ತು ಬಲಡಬ್ಬಿಗೆ ಬೀಳುತ್ತದೆ. ಅದರಿಂದ ಎಡಬಳೆ ಧನವಾಗುತ್ತದೆ. ಎಡಹನಿಗಳು ಇನ್ನಷ್ಟು ಋಣವನ್ನು ತರುತ್ತವೆ. ಬಡ್ಡಿಗೆ ಚಕ್ರಬಡ್ಡಿ ಸೇರಿದಂತೆ ಎರಡೂ ಬೆಳೆಯುತ್ತವೆ.

“ಹನಿ ಅಲ್ಲಿ ತುಂಡಾದರೆ” ಎಂದೆನಷ್ಟೆ. ಕೆಟ್ಟ ಯಂತ್ರಗಳಲ್ಲಿ ಮೊದಲು ನೋಡಬೇಕಾದುದು ಇದನ್ನೇ. ಧಾರೆಯು ಒಡೆಯದೆ ಬಳೆಯನ್ನು ದಾಟಿಹೋದರೆ, ಬಳೆ ಸೆಳೆದ ವಿದ್ಯುತ್ತು ನೀರಿನ ದಾರಿಯಲ್ಲಿಯೇ ತೊಟ್ಟಿಗೆ ಹಿಂದಿರುಗಬಲ್ಲುದು. ಬಹಳ ಮೇಲೆಯೇ ಒಡೆದರೆ ಬಳೆಯ ಪ್ರಭಾವ ಅಲ್ಲಿಗೆ ಎಟುಕದು. ಧಾರೆಯನ್ನು ಬೆಳಕಿಗೆ ಎದುರಾಗಿ ನೋಡಿ. ಮೇಲೆ ಗಾಜಿನ ಕಡ್ಡಿಯಂತೆ ತಿಳಿಯಾಗಿದ್ದು, ಎಲ್ಲಿ ಮಬ್ಬಾಗುವುದೋ ಅಲ್ಲಿ ಹನಿಗಳು ಬೇರ್ಪಡುತ್ತಿವೆ. ಬಳೆಯನ್ನು ಅದೇ ಎತ್ತರಕ್ಕೆ ತನ್ನಿ. ಬಳೆ ಒದ್ದೆಯಾಗಕೂಡದು. ತೊಟ್ಟಿಯ ಬದಲಿಗೆ ಎರಡು ಪ್ಲಾಸ್ಟಿಕ್ ಸೀಸೆಗಳನ್ನು ಬೇರೆಬೇರೆಯಾಗಿ ತೂಗುಹಾಕಿದ್ದರೆ, ಎರಡರೊಳಗೂ ಮುಳುಗುವಂತೆ ಒಂದು ತಂತಿಯನ್ನು ಇಳಿಬಿಡಬೇಕು.

ಇಷ್ಟಾದರೂ ಫಲವಿಲ್ಲದಿದ್ದರೆ ಸೋರಿಕೆಯನ್ನು ಶಂಕಿಸಿ. ಈ ಯಂತ್ರ ಕೊಡುವ ಪ್ರವಾಹ ಅತ್ಯಲ್ಪ. ಆದುದರಿಂದ ಮನೆಯ ವಿದ್ಯುತ್ತಿಗೆ ಸಾಕಾದ ತಡೆ ಇದಕ್ಕೆ ಸಾಲದು. ಒಣಗಿದಂತೆ ಕಾಣುವ ಮರದ ಮಣೆಯೂ ಇಲ್ಲಿ ವಾಹಕವೇ ಸರಿ! ಬೆವರಿದ ಬೆರಳು ತಾಗಿದ ಗಾಜೂ ಅಷ್ಟೇ. ಡಬ್ಬಿಗಳನ್ನು ಮೇಣದ ಗಟ್ಟಿಯ ಮೇಲೆಯೋ ಥರ್ಮೋಕೋಲಿನ ಮೇಲೆಯೋ ಇಡುವುದು ಲೇಸು. ನೀರನ್ನು ನಿಲ್ಲಿಸಿ ಒಂದು ಪರೀಕ್ಷೆ ಮಾಡಬಹುದು: ಡಬ್ಬಿಗೆ ವಿದ್ಯುದ್ದರ್ಶಕವನ್ನು ಜೋಡಿಸಿ, ಉಜ್ಜಿದ ಪ್ಲಾಸ್ಟಿಕ್ ಪಟ್ಟಿಯನ್ನು ಡಬ್ಬಿಗೆ ಸವರಿರಿ. ಬಿಚ್ಚಿದ ಎಲೆಗಳು ಕೆಲವೇ ಕ್ಷಣಗಳಲ್ಲಿ ಕುಸಿದರೆ ದೋಷ ಆಸರೆಯಲ್ಲಿದೆ, ಹನಿಯಲ್ಲಲ್ಲ. ಕೆಲ್ವಿನ್ನನು ತನ್ನ ವಿದ್ಯುನ್ಮಾಪಕಗಳೊಳಗೆ ಗಂಧಕಾಮ್ಲವನ್ನಿಟ್ಟು ಗಾಳಿಯನ್ನು ಒಣಗಿಸುತ್ತಿದ್ದನು. ಗ್ಲಾಸ್ಗೋ ಮಳೆಯ ಊರು ತಾನೆ. ನಮಗೆ ಆಮ್ಲದ ಗೊಡವೆ ಬೇಡ. ಬಿಸಿಗಾಳಿ ಬೀಸಿ ಆಸರೆಗಳನ್ನು ಒಣಗಿಸಿದರೆ ಸಾಕು. ಆಷಾಢದಲ್ಲಿ ಮಂಗಳೂರಿನ ಕಡೆಯವರು ಈ ಯಂತ್ರದ ಮೇಲೆ ಹೆಚ್ಚು ಕೋಪಿಸಿಕೊಳ್ಳದಿರುವುದೇ ಒಳ್ಳೆಯದು.

ಮೊನೆಗಳೂ ಕಳ್ಳರೇ. ಕತ್ತರಿಸಿದ ತಗಡಿನ ಅಂಚು, ಚಾಚಿಕೊಂಡ ತಂತಿಯ ತುದಿ, ಇವುಗಳಿಂದ ವಿದ್ಯುತ್ತು ಸದ್ದಿಲ್ಲದೆ ಗಾಳಿಗೆ ಸೋರುತ್ತದೆ. ತುದಿಗಳನ್ನು ಸುರುಳಿ ಸುತ್ತಿ ದುಂಡಾಗಿಸಿ.

ಯಂತ್ರ ತಾನಾಗಿ ಹೊರಡದಿದ್ದರೆ, ಉಜ್ಜಿದ ಪ್ಲಾಸ್ಟಿಕ್ಕಿನಿಂದ ಒಂದು ಡಬ್ಬಿಗೆ ಕೊಂಚ ವಿದ್ಯುತ್ತನ್ನು ಕೊಡಿ. ಅನಂತರ ಬೆಳೆದರೆ ಬೀಜದ ಕೊರತೆಯಿತ್ತೆಂದೂ, ಮತ್ತೆ ಇಂಗಿದರೆ ಸೋರಿಕೆಯಿನ್ನೂ ಉಂಟೆಂದೂ ತಿಳಿಯಬೇಕು. ಕಿಡಿಯ ಗುಂಡುಗಳನ್ನು ಮೊದಲು ತೀರ ಹತ್ತಿರವಿಡಿ. 3 ಮಿಲಿಮೀಟರಿನ ಅಂತರವನ್ನು ಕಿಡಿ ದಾಟಿತೆಂದರೆ ಒತ್ತಡ ಸುಮಾರು 10,000 ವೋಲ್ಟು.

ಕೊನೆಗೆ ಹನಿಗಳು ನೇರವಾಗಿ ಬೀಳದೆ ಹೂವಿನಂತೆ ಹರಡತೊಡಗುತ್ತವೆ. ಕೆಲವು ಬಳೆಯ ಕಡೆಗೇ ಹಾರುತ್ತವೆ. ಇದನ್ನು ಕೆಡುಕೆಂದು ಎಣಿಸಬೇಡಿ. ಸಜಾತೀಯ ವಿದ್ಯುತ್ತಿರುವ ಡಬ್ಬಿ ಹನಿಯನ್ನು ತಳ್ಳುತ್ತಿದೆ; ನೀರಿನ ಭಾರ ಆ ತಳ್ಳಿಕೆಯನ್ನು ಮೀರಿ ಹನಿಯನ್ನು ಕೆಳಗಿಳಿಸುತ್ತಿದೆ. ಕಿಡಿಯ ಶಕ್ತಿಯೆಲ್ಲ ಈ ದುಡಿಮೆಯಿಂದಲೇ ಬಂದದ್ದು. ಬರಿಯ ಸಣ್ಣ ಡಬ್ಬಿಗಳ ಕಿಡಿ ಬೆರಳನ್ನು ಚುರುಕೆನಿಸಿ ಬಿಡುತ್ತದೆ. ಆದರೆ ಕಿಡಿಯನ್ನು ಹಿಗ್ಗಿಸುವ ಆಸೆಯಿಂದ ದೊಡ್ಡ ಲೈಡನ್ ಜಾಡಿಗಳನ್ನು ಜೋಡಿಸಿದವರು ಅದನ್ನು ಕೈಯಿಂದ ಮುಟ್ಟದೆ, ಅವಾಹಕದ ಹಿಡಿಯುಳ್ಳ ತಂತಿಯಿಂದಲೇ ಖಾಲಿಮಾಡಬೇಕು.