ನಮ್ಮ ವಾರ್ಡಿನ ಗೆರೆ ಎಲ್ಲಿದೆ?

(ಸನವಳ್ಳಿಯ ಕಲಿಕಾ ಕೇಂದ್ರದಲ್ಲಿ ಮಾಡಿದ ಮಾತು)



ಇವತ್ತು ವಾರ್ಡಿನ ಬಗ್ಗೆ ಮಾತಾಡೋಣ. ವಾರ್ಡು ಅನ್ನೋ ಮಾತು ನಿಮಗೆ ಹೊಸದಲ್ಲ. ಓಟಿನ ದಿನ "ನಿಮ್ಮದು ಯಾವ ವಾರ್ಡು?" ಅಂತ ಕೇಳ್ತಾರೆ. ನೀವು ಹೇಳ್ತೀರಿ. ಆದರೆ ಆ ವಾರ್ಡು ಎಲ್ಲಿ ಶುರುವಾಗುತ್ತದೆ? ಎಲ್ಲಿ ಮುಗಿಯುತ್ತದೆ? ಯಾರ ಮನೆ ಅದರ ಒಳಗೆ, ಯಾರ ಮನೆ ಹೊರಗೆ?

ನಿಮ್ಮ ಹೊಲದ ಬದು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತೀರಿ. ಪಕ್ಕದ ಹೊಲದವರು ಒಂದು ಮೊಳ ಒತ್ತಿದರೂ ಸುಮ್ಮನೆ ಕೂಡುವುದಿಲ್ಲ. ವಾರ್ಡಿಗೂ ಒಂದು ಬದು ಇದೆ ನೋಡ್ರಿ. ಅದು ನೆಲದ ಮೇಲೆ ಕಾಣುವುದಿಲ್ಲ. ಕಾಗದದ ಮೇಲೆ ಇರುತ್ತದೆ. ಆ ಕಾಗದವನ್ನು ಪಂಚಾಯತಿಯ ಗೋಡೆಗೆ ಅಂಟಿಸುತ್ತಾರೆ. ಇಷ್ಟು ದಿನ ಅದರ ಮುಂದೆಯೇ ಹಾದು ಹೋಗುತ್ತಿದ್ದೆವು. ಈಗ ನಿಮಗೆ ಓದಲು ಬರುತ್ತದೆ. ಅದಕ್ಕೇ ಈ ಮಾತು ತೆಗೆದಿದ್ದೇನೆ.

ಮೊದಲು ಸದಸ್ಯರ ಲೆಕ್ಕ ನೋಡೋಣ. ಒಂದು ಗ್ರಾಮ ಪಂಚಾಯತಿಗೆ ಎಷ್ಟು ಸದಸ್ಯರು? ಇದನ್ನು ಯಾರೂ ಮನಸ್ಸಿಗೆ ಬಂದಂತೆ ಹೇಳುವ ಹಾಗಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಬರೆದಿದೆ. 400 ಜನಕ್ಕೆ ಒಬ್ಬ ಸದಸ್ಯ. ಕೊನೆಗೆ 400ಕ್ಕಿಂತ ಕಡಿಮೆ ಜನ ಉಳಿದರೆ ಅವರಿಗೂ ಒಬ್ಬರು.

ಹಲಗೆಯ ಮೇಲೆ ಲೆಕ್ಕ ಮಾಡೋಣ. ಒಂದು ಪಂಚಾಯತಿಯಲ್ಲಿ 5,300 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಹದಿಮೂರು ನಾಲ್ಕುನೂರು ಎಷ್ಟು? 5,200. ಉಳಿದವರು 100 ಜನ. ಅವರಿಗೆ ಇನ್ನೊಬ್ಬರು. ಒಟ್ಟು 14 ಸದಸ್ಯರು. ಅದರಲ್ಲಿ ಅರ್ಧ ಹೆಂಗಸರಿಗೆ ಮೀಸಲು, ಅಂದರೆ ಏಳು.

ಈ ಅರ್ಧ ಒಮ್ಮೆಲೇ ಬರಲಿಲ್ಲ. 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ ಆಯಿತು. ಆಗ ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಇತ್ತು. 1993ರ ಕಾಯ್ದೆಯಲ್ಲಿ ಮೂರರಲ್ಲಿ ಒಂದು ಪಾಲಾಯಿತು. 2010ರಲ್ಲಿ ಅರ್ಧ ಆಯಿತು. ನಿಮ್ಮಲ್ಲಿ ವಯಸ್ಸಾದವರು ಇದನ್ನೆಲ್ಲ ಕಣ್ಣಾರೆ ಕಂಡಿದ್ದೀರಿ.

ಇಲ್ಲಿ ಒಂದು ಮಾತು ಗಮನಿಸಿ. 400 ಜನ ಅಂದರೆ 400 ಮತದಾರರು ಅಲ್ಲ. ಜನ ಅಂದರೆ ಎಲ್ಲರೂ. ತೊಟ್ಟಿಲ ಕೂಸೂ ಬಂತು, ಹಾಸಿಗೆ ಹಿಡಿದ ಅಜ್ಜಿಯೂ ಬಂದಳು. ಕೂಸಿಗೆ ಓಟಿಲ್ಲ, ಆದರೆ ಲೆಕ್ಕದಲ್ಲಿ ಅದಕ್ಕೆ ಜಾಗ ಇದೆ.

ಈ ಜನರ ಲೆಕ್ಕ ಎಲ್ಲಿಂದ ಬರುತ್ತದೆ? ಜನಗಣತಿಯಿಂದ. 2020ರ ಡಿಸೆಂಬರ್ 22 ಮತ್ತು 27ರಂದು ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತಲ್ಲ, ಅದಕ್ಕೆ ಹಿಡಿದದ್ದು 2011ರ ಗಣತಿ. 2021ರಲ್ಲಿ ಮತ್ತೆ ಎಣಿಸಬೇಕಿತ್ತು. ಕೊರೋನಾ ಬಂತು, ಎಣಿಕೆ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನೇ ತಾರೀಖನ್ನು ಆಧಾರವಾಗಿ ಇಡುತ್ತೇವೆ ಅಂತ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. 2011ರಿಂದ ಈಚೆಗೆ ನಿಮ್ಮ ಓಣಿಯಲ್ಲಿ ಎಷ್ಟು ಹೊಸ ಮನೆ ಎದ್ದವು, ನೀವೇ ಎಣಿಸಿ ನೋಡಿ. ಅವೆಲ್ಲ ಹಳೆಯ ಲೆಕ್ಕದಲ್ಲಿ ಇಲ್ಲ. ಎಣಿಸುವವರು ಮನೆಗೆ ಬಂದಾಗ "ಗಂಡಸರು ಮನೇಲಿಲ್ಲ, ನಾಳೆ ಬರ್ರಿ" ಅಂತ ಕಳಿಸಬೇಡಿ. ಮನೆಯಲ್ಲಿ ಎಷ್ಟು ಜನ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ರೊಟ್ಟಿ ಲೆಕ್ಕ ಹಾಕುವವರು ನೀವು. ನೀವೇ ನಿಂತು ಎಲ್ಲರ ಹೆಸರು ಬರೆಸಿ.

ಯಾವ ಪಟ್ಟಿಯಲ್ಲಿ ಎಣಿಸುತ್ತಾರೆ ಅನ್ನುವುದೂ ದೊಡ್ಡ ಮಾತೇ. ನಮ್ಮ ಜಿಲ್ಲೆಯ ಸಿದ್ಧಿ ಜನರನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. 2001ರ ಗಣತಿಯಲ್ಲಿ ಅವರು ಆ ಪಟ್ಟಿಯಲ್ಲಿ ಇರಲಿಲ್ಲ. 2011ರಲ್ಲಿ ಇದ್ದರು. ಪರಿಶಿಷ್ಟ ಪಂಗಡಕ್ಕೆ ಎಷ್ಟು ಸ್ಥಾನ ಮೀಸಲು ಅನ್ನುವುದು ಅವರ ಜನಸಂಖ್ಯೆಯ ಮೇಲೆ ನಿಂತಿದೆ. ಜನ ಅವರೇ, ಊರು ಅದೇ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಲೆಕ್ಕ ಬೇರೆ ಆಯಿತು.

ಇನ್ನು ಪಂಚಾಯತಿ ಎಷ್ಟು ದೊಡ್ಡದಿರಬೇಕು? ಬಯಲು ಸೀಮೆಯಲ್ಲಿ 5,000ದಿಂದ 7,000 ಜನಕ್ಕೆ ಒಂದು ಪಂಚಾಯತಿ. ಉತ್ತರ ಕನ್ನಡದಂಥ ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನ ಇದ್ದರೂ ಒಂದು ಪಂಚಾಯತಿ ಮಾಡಬಹುದು. ಯಾಕೆ? ಜೋಯಿಡಾ ಕಡೆಯವರನ್ನು ಕೇಳಿ. ಇಲ್ಲಿ ನಾಲ್ಕು ಮನೆ, ಕಾಡು ದಾಟಿದರೆ ಅಲ್ಲಿ ಆರು ಮನೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆಯವರು ಆಚೆಯೇ. ಕಾಯ್ದೆ ಬರೆದವರು ಇದನ್ನು ತಿಳಿದು ಬರೆದಿದ್ದಾರೆ, ಮೆಚ್ಚಬೇಕು.

ಈಗ ಗೆರೆಯ ಮಾತಿಗೆ ಬರೋಣ. ಪಂಚಾಯತಿಗೆ 14 ಸದಸ್ಯರು ಅಂತ ಆಯಿತು. ಆ 14 ಸ್ಥಾನವನ್ನು ವಾರ್ಡುಗಳಿಗೆ ಹಂಚಬೇಕು. ಗ್ರಾಮ ಪಂಚಾಯತಿಯಲ್ಲಿ ಒಂದು ವಾರ್ಡಿನಿಂದ ಒಬ್ಬರು, ಇಬ್ಬರು, ಮೂವರು, ಹೀಗೆ ಬೇರೆ ಬೇರೆ ಸಂಖ್ಯೆಯಲ್ಲಿ ಆರಿಸಿ ಬರಬಹುದು. ಮೂರು ಸ್ಥಾನ ಇದ್ದರೆ ನಿಮಗೆ ಮೂರು ಮತ. ಒಬ್ಬರಿಗೆ ಒಂದೇ ಮತ. (ಮೂರು ಮತ ಇವೆ ಅಂತ ಮೂರನ್ನೂ ಹಾಕಲೇಬೇಕು ಅಂತೇನಿಲ್ಲ.) ಮುಂಡಗೋಡ ಪೇಟೆಯ ಪಟ್ಟಣ ಪಂಚಾಯತಿಯಲ್ಲಿ ಹಾಗಲ್ಲ. ಅಲ್ಲಿ ಒಂದು ವಾರ್ಡಿಗೆ ಒಬ್ಬರೇ ಸದಸ್ಯರು.

ಒಂದು ಊರು ಇದೆ ಅಂತ ತಿಳಿಯಿರಿ. ಊರಿನಲ್ಲಿ 1,200 ಜನ. ಊರಾಚೆ ಒಂದು ಗೌಳಿ ದಡ್ಡಿ. ಅಲ್ಲಿ 400 ಜನ. ಒಟ್ಟು 1,600. ನಾಲ್ಕು ಸದಸ್ಯರು. ಇದರಲ್ಲಿ ಜಗಳವಿಲ್ಲ.

ಒಬ್ಬ ಅಧಿಕಾರಿ ಹೀಗೆ ಗೆರೆ ಎಳೆದರು. ದಡ್ಡಿ ಒಂದು ವಾರ್ಡು, ಒಬ್ಬ ಸದಸ್ಯ. ಊರು ಒಂದು ವಾರ್ಡು, ಮೂವರು ಸದಸ್ಯರು. ದಡ್ಡಿಯವರು ತಮಗೆ ಬೇಕಾದವರನ್ನು ಆರಿಸಿದರು.

ಇನ್ನೊಬ್ಬರು ಗೆರೆಯನ್ನೇ ಅಳಿಸಿದರು. ಊರು, ದಡ್ಡಿ ಸೇರಿ ಒಂದೇ ವಾರ್ಡು, ನಾಲ್ಕು ಸದಸ್ಯರು. ಎಲ್ಲರಿಗೂ ನಾಲ್ಕು ನಾಲ್ಕು ಮತ. ಊರಿನವರು ಮೂರು ಪಾಲು, ದಡ್ಡಿಯವರು ಒಂದು ಪಾಲು. ಊರಿನವರು ಒಟ್ಟಾಗಿ ಮತ ಹಾಕಿದರೆ ನಾಲ್ಕೂ ಸ್ಥಾನ ಊರಿಗೇ.

ಮೂರನೆಯವರು ದಡ್ಡಿಯ ನಡುವೆ ಹೋಗುವ ದಾರಿಯನ್ನೇ ಗೆರೆ ಮಾಡಿದರು. ಈಚೆಯ 200 ಜನ ಒಂದು ವಾರ್ಡಿಗೆ, ಆಚೆಯ 200 ಜನ ಇನ್ನೊಂದಕ್ಕೆ. ಎರಡೂ ವಾರ್ಡಿನಲ್ಲಿ 800 ಜನ, ಇಬ್ಬಿಬ್ಬರು ಸದಸ್ಯರು. ಲೆಕ್ಕ ತಪ್ಪಿಲ್ಲ. ಆದರೆ ಎರಡೂ ಕಡೆ 600 ಊರಿನವರು, 200 ದಡ್ಡಿಯವರು. ಅಕ್ಕನ ಮನೆ ಒಂದು ವಾರ್ಡು, ಎದುರಿಗಿರುವ ತಂಗಿಯ ಮನೆ ಮತ್ತೊಂದು ವಾರ್ಡು.

ನೋಡಿದಿರಾ? ಜನ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಸದಸ್ಯರೂ ನಾಲ್ಕೇ. ಗೆರೆ ಮಾತ್ರ ಸರಿದಾಡಿತು.

ದೊಡ್ಡ ಊರಿನವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಬೋರ್‌ವೆಲ್ ಕೆಟ್ಟರೆ ಯಾರಿಗೆ ಅವಸರ? ಕೊಡ ಹೊತ್ತುಕೊಂಡು ದೂರ ನಡೆಯುವವರಿಗೆ. ಆ ಓಣಿಯವರೇ ಒಬ್ಬರು ಪಂಚಾಯತಿಯಲ್ಲಿ ಕೂತಿದ್ದರೆ ಆ ಮಾತು ಬೇಗ ಬರುತ್ತದೆ. ಆರು ತಿಂಗಳಿಗೊಮ್ಮೆಯಾದರೂ ವಾರ್ಡು ಸಭೆ ನಡೆಸಬೇಕು ಅಂತ ಕಾಯ್ದೆಯಲ್ಲಿದೆ. ಯಾರಿಗೆ ಮನೆ, ಎಲ್ಲಿ ಗಟಾರು ಅನ್ನುವ ಮಾತು ಅಲ್ಲಿ ಬರುತ್ತದೆ. ಸಭೆಗೆ ಯಾರು ಯಾರು ಒಟ್ಟಿಗೆ ಕೂಡುತ್ತಾರೆ ಅನ್ನುವುದನ್ನೂ ಈ ಗೆರೆಯೇ ಹೇಳುತ್ತದೆ.

ಹೋದ ವಾರ ಒಬ್ಬ ತಾಯಿ ಕೇಳಿದರು, "ಹಂಗಾದ್ರೆ ಎಲ್ಲಾ ಓಣಿಗೂ ಒಂದೊಂದು ವಾರ್ಡು ಮಾಡಿಬಿಡಲಿ ಅಲ್ರೀ ಅಕ್ಕೋರೆ?" ಅದೂ ಯಾವಾಗಲೂ ಒಳ್ಳೆಯದಲ್ಲ. ಒಂದೇ ಸ್ಥಾನ ಇರುವ ವಾರ್ಡು ಈ ಸಲ ಯಾವುದೋ ಒಂದು ವರ್ಗಕ್ಕೆ ಮೀಸಲಾದರೆ, ಆ ವಾರ್ಡಿನಲ್ಲಿ ಉಳಿದವರು ಯಾರೂ ನಿಲ್ಲುವ ಹಾಗಿಲ್ಲ. ಎರಡು ಮೂರು ಸ್ಥಾನ ಇದ್ದರೆ ಇನ್ನೊಂದು ಬಾಗಿಲು ತೆರೆದಿರುತ್ತದೆ. ಆದ್ದರಿಂದ ಊರು ನೋಡಿ ಗೆರೆ ಎಳೆಯಬೇಕು. ಸಂವಿಧಾನ ಹೇಳುವುದು ಇಷ್ಟು: ಒಬ್ಬ ಸದಸ್ಯರಿಗೆ ಎಷ್ಟು ಜನ ಅನ್ನುವ ಪ್ರಮಾಣ ಪಂಚಾಯತಿಯ ಎಲ್ಲ ಕಡೆ ಆದಷ್ಟು ಒಂದೇ ಇರಬೇಕು.

ಗೆರೆಯ ಜಗಳ ನಮ್ಮ ಹಳ್ಳಿಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ತಾಲ್ಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿಗೆ 2016ರ ಫೆಬ್ರವರಿಯಲ್ಲಿ ಓಟು ಹಾಕಿದಿರಿ, ನೆನಪಿದೆಯಾ? ಆ ಸದಸ್ಯರ ಐದು ವರ್ಷ 2021ರಲ್ಲಿ ಮುಗಿಯಿತು. ಚುನಾವಣಾ ಆಯೋಗ ಕ್ಷೇತ್ರಗಳ ಗೆರೆ ಎಳೆಯಿತು. ಅದೇ ವರ್ಷ ಸರ್ಕಾರ ಕಾಯ್ದೆ ತಿದ್ದಿ, ಗೆರೆ ಎಳೆಯುವ ಕೆಲಸವನ್ನು ಬೇರೆ ಆಯೋಗಕ್ಕೆ ಕೊಟ್ಟಿತು. ಮತ್ತೆ ಮೊದಲಿನಿಂದ ಎಣಿಕೆ. ವಿಷಯ ಹೈಕೋರ್ಟಿಗೆ ಹೋಯಿತು. ತಡ ಮಾಡಿದ್ದಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟು ಸರ್ಕಾರಕ್ಕೆ ಐದು ಲಕ್ಷ ರೂಪಾಯಿ ದಂಡ ಹಾಕಿತು. ವರ್ಷಗಟ್ಟಲೆ ಸದಸ್ಯರೇ ಇಲ್ಲದೆ ಅಧಿಕಾರಿಗಳೇ ಆಡಳಿತ ನೋಡಿಕೊಂಡರು.

ಬೆಂಗಳೂರಿನ ಕಥೆಯೂ ಇದೇ. ಅಲ್ಲಿ 198 ವಾರ್ಡು ಇದ್ದವು. 2022ರಲ್ಲಿ 243 ಮಾಡಿದರು. 2023ರಲ್ಲಿ 225 ಅಂದರು. 2025ರಲ್ಲಿ ಊರನ್ನೇ ಐದು ಪಾಲಿಕೆ ಮಾಡಿ ಮತ್ತೆ ಹೊಸ ಗೆರೆ ಎಳೆದರು. ಹಳೆಯ ಸದಸ್ಯರ ಅವಧಿ 2020ರಲ್ಲೇ ಮುಗಿದಿತ್ತು. ಗೆರೆ ಎಳೆಯುವುದು ಬಾಕಿ ಇದೆ ಅಂತ ಚುನಾವಣೆ ಮುಂದೂಡಬಾರದು ಅಂತ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಹೇಳಿದ್ದು ಹೇಳಿದ ಹಾಗೇ ಉಳಿದಿದೆ, ಏನು ಮಾಡೋಣ!

ದೊಡ್ಡವರ ಜಗಳ ಅಲ್ಲಿರಲಿ. ನಮ್ಮ ಕೈಯಲ್ಲಿ ಏನಿದೆ? ಒಂದು ಕರಡು ಕಾಗದ ಇದೆ.

ವಾರ್ಡು ಬದಲಿಸುವ ಮೊದಲು ಕರಡು ಪಟ್ಟಿ ಹೊರಡಿಸುತ್ತಾರೆ. ಕರಡು ಅಂದರೆ ಇನ್ನೂ ಪಕ್ಕಾ ಆಗದ ಪಟ್ಟಿ. ತಹಶೀಲ್ದಾರರ ಕಚೇರಿ, ಗ್ರಾಮ ಪಂಚಾಯತಿಯ ನೋಟೀಸು ಹಲಗೆ, ಇಂಥ ಕಡೆ ಹಚ್ಚುತ್ತಾರೆ. "ಆಕ್ಷೇಪಣೆ ಇದ್ದರೆ ಇಂಥ ದಿನದೊಳಗೆ ಲಿಖಿತವಾಗಿ ಸಲ್ಲಿಸಿ" ಅಂತ ಬರೆದಿರುತ್ತದೆ. ಆಕ್ಷೇಪಣೆ ಅಂದರೆ "ಇದು ಸರಿಯಿಲ್ಲ" ಅಂತ ಹೇಳುವುದು. ಲಿಖಿತ ಅಂದರೆ ಬರವಣಿಗೆಯಲ್ಲಿ. ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ದಿನಗಳು ಬಹಳ ಇರುವುದಿಲ್ಲ. ಆ ದಿನ ದಾಟಿ ಪಟ್ಟಿ ಅಂತಿಮ ಆಯಿತು ಅಂದರೆ ಮುಗಿಯಿತು. ವಾರ್ಡಿನ ಗೆರೆ, ಸ್ಥಾನಗಳ ಹಂಚಿಕೆ ವಿಷಯದಲ್ಲಿ ಕೋರ್ಟಿಗೆ ಹೋದರೂ ಉಪಯೋಗ ಆಗುವುದು ಬಹಳ ಕಷ್ಟ. ಕೋರ್ಟು ಅದರಲ್ಲಿ ಕೈ ಹಾಕಬಾರದು ಅಂತ ಸಂವಿಧಾನದಲ್ಲೇ ಇದೆ.

ಕರಡಿನಲ್ಲಿ ನಿಮ್ಮ ಓಣಿಯ ಹೆಸರು ಹುಡುಕಿ. ಇಡೀ ಓಣಿ ಒಂದೇ ವಾರ್ಡಿನಲ್ಲಿದೆಯಾ ನೋಡಿ. ಗಡಿ ಬರೆದಿದ್ದರೆ ಹೊಲದ ಪತ್ರದ ಚಕ್ಕುಬಂದಿ ಹಾಗೆಯೇ ಇರುತ್ತದೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ ಓದುತ್ತ ನಡೆದು ನೋಡಿ. ಆಮೇಲೆ ವಾರ್ಡಿನ ಜನಸಂಖ್ಯೆಯನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ. ಒಂದು ವಾರ್ಡಿನಲ್ಲಿ 300 ಜನಕ್ಕೆ ಒಬ್ಬರು, ಇನ್ನೊಂದರಲ್ಲಿ 600 ಜನಕ್ಕೆ ಒಬ್ಬರು ಅಂತ ಬಂದರೆ ಕೇಳಬೇಕಾದ ಮಾತೇ. ಭಾಗಾಕಾರ ಕಲಿತದ್ದು ಇಂಥದ್ದಕ್ಕೆ ಬೇಕು.

"ಈ ಗೆರೆಯಿಂದ ನಮ್ಮವರು ಗೆಲ್ಲುವುದಿಲ್ಲ" ಅಂತ ಬರೆಯಬೇಡಿ. ಅದು ಕಾರಣ ಆಗುವುದಿಲ್ಲ. ಓಣಿ ಎರಡು ತುಂಡಾಗಿದೆ, ನಡುವೆ ಹಳ್ಳ ಇದೆ, ಮತಗಟ್ಟೆ ದೂರ ಆಗುತ್ತದೆ, ಜನಸಂಖ್ಯೆ ಸಮ ಇಲ್ಲ. ಇಂಥ ಕಾರಣ ಬರೆಯಿರಿ. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ಓಣಿಯಲ್ಲಿ ಇಷ್ಟು ಮನೆಗಳಿವೆ. ಕರಡು ಪಟ್ಟಿಯಲ್ಲಿ ಅರ್ಧ ಮನೆಗಳು ಒಂದನೇ ವಾರ್ಡಿಗೆ, ಅರ್ಧ ಮನೆಗಳು ಎರಡನೇ ವಾರ್ಡಿಗೆ ಹೋಗಿವೆ. ಎರಡನೇ ವಾರ್ಡಿನ ಮತಗಟ್ಟೆಗೆ ಹೋಗಲು ನಾವು ಹಳ್ಳ ದಾಟಬೇಕು. ಆದ್ದರಿಂದ ಇಡೀ ಓಣಿಯನ್ನು ಒಂದನೇ ವಾರ್ಡಿನಲ್ಲಿಯೇ ಇಡಬೇಕೆಂದು ಕೇಳಿಕೊಳ್ಳುತ್ತೇವೆ."

ಇಷ್ಟೇ. ಕೆಳಗೆ ತಾರೀಖು, ಊರು, ನಿಮ್ಮ ಹೆಸರು, ಮನೆ ನಂಬರು, ಸಹಿ. ಹೆಬ್ಬೆಟ್ಟು ಬೇಡ, ಈಗ ಸಹಿ ಬರುತ್ತದಲ್ಲ. ಹತ್ತು ಜನ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಯಾವ ಅಧಿಕಾರಿಗೆ ಕೊಡಬೇಕು ಅಂತ ನೋಟೀಸಿನಲ್ಲೇ ಇರುತ್ತದೆ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ವಿಚಾರಣೆಗೆ ಕರೆದರೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ ಹೋಗಿ. ಮನೆ ತೆರಿಗೆಯ ರಸೀದಿ, ರೇಷನ್ ಕಾರ್ಡು ಜೊತೆಗಿರಲಿ.

ನಾಳೆ ಮತದಾರರ ಪಟ್ಟಿಯ ಪ್ರತಿ ತರುತ್ತೇನೆ. ಎಲ್ಲರೂ ನಿಮ್ಮ ನಿಮ್ಮ ಮನೆಯ ನಂಬರು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಬಾಗಿಲ ಚೌಕಟ್ಟಿನ ಮೇಲೆ ಬರೆದಿರುತ್ತಾರೆ, ಸುಣ್ಣ ಬಳಿದು ಮುಚ್ಚಿ ಹೋಗಿದ್ದರೆ ತೆರಿಗೆ ರಸೀದಿಯಲ್ಲಿ ಸಿಗುತ್ತದೆ.