‘ಗಿವ್ ಅಪ್’ ಎಂಬ ಮಾತು

ಮೊನ್ನೆ ಸಂಜೆ ಬಳ್ಳಾರಿಯ ಪಾರ್ವತಿನಗರದಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಅವರ ಹುಡುಗ ಇಂಗ್ಲಿಷ್ ವಾಕ್ಯಗಳನ್ನು ಕನ್ನಡಿಸುತ್ತ ಕುಳಿತಿದ್ದ. ‘ಹೀ ಗೇವ್ ಅಪ್ ಸ್ಮೋಕಿಂಗ್’ ಎಂಬುದು ಅದರಲ್ಲೊಂದು. ನಿಘಂಟಿನಲ್ಲಿ ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ. ಹುಡುಗ ಬರೆದದ್ದು: ‘ಅವನು ಹೊಗೆಯನ್ನು ಮೇಲಕ್ಕೆ ಕೊಟ್ಟನು.’ ನಾವೆಲ್ಲ ನಕ್ಕೆವು. ‘ಹೊಗೆ ಮೇಲಕ್ಕೇ ಹೋಗುತ್ತದಲ್ಲ, ತಪ್ಪೇನು?’ ಎಂದು ಅವನು ಕೇಳಿದ. ನಕ್ಕವರಲ್ಲಿ ಒಬ್ಬರಿಗೂ ಚಟ್ಟನೆ ಉತ್ತರ ಹೊಳೆಯಲಿಲ್ಲ.

ಇಂಗ್ಲಿಷಿನಲ್ಲಿ ಕ್ರಿಯಾಪದದ ಬೆನ್ನಿಗೆ ಅಪ್, ಆಫ್, ಇನ್, ಔಟ್ ಮೊದಲಾದ ಚಿಕ್ಕ ಪದ ಸೇರಿದಾಗ ಬೇರೆಯೇ ಒಂದು ಅರ್ಥ ಹುಟ್ಟುವುದುಂಟು. ಇದಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ಪರದೇಶದ ವಿಚಿತ್ರವೆಂದು ಹೆದರಬೇಕಾಗಿಲ್ಲ. ‘ತಿನ್ನು’ ಎನ್ನುವುದಕ್ಕೂ ‘ತಿಂದುಬಿಡು’ ಎನ್ನುವುದಕ್ಕೂ ಇರುವ ಭೇದ ನಮ್ಮ ಮನೆಯ ಮಗುವಿಗೂ ಗೊತ್ತು. ತಿಂದುಬಿಡು ಎಂದಾಗ ಯಾರೂ ಏನನ್ನೂ ಬಿಡಬೇಕಾಗಿಲ್ಲ. ತಟ್ಟೆ ಬರಿದಾಗಬೇಕು, ಅಷ್ಟೆ. ಈಟ್ ಅಪ್, ಡ್ರಿಂಕ್ ಅಪ್, ಬರ್ನ್ ಅಪ್ ಎಂಬಲ್ಲಿ ಅಪ್ ಮಾಡುವ ಕೆಲಸವೂ ಇದೇ. ಅದನ್ನು ‘ಮೇಲೆ’ ಎಂದು ಓದುವುದಕ್ಕಿಂತ ನಮ್ಮ ‘ಬಿಡು’ ಎಂದು ಓದಿಕೊಂಡರೆ ಅರ್ಧ ಕಷ್ಟ ತೀರಿತು. ಎಲ್ಲೆಡೆಯೂ ಅಲ್ಲ ಎನ್ನಿ; ಗೆಟ್ ಅಪ್ ಎಂದರೆ ಮೇಲೇಳುವುದೇ ಸರಿ.

ಈಗ ಗಿವ್ ಅಪ್. ಇದಕ್ಕೆ ಕನ್ನಡದಲ್ಲಿ ಒಂದಲ್ಲ, ಎರಡು ಮಾತು ಬೇಕು: ಬಿಟ್ಟುಬಿಡು, ಬಿಟ್ಟುಕೊಡು. ಚಟವನ್ನು, ಕೆಲಸವನ್ನು, ಪ್ರಯತ್ನವನ್ನು ಬಿಟ್ಟುಬಿಡುತ್ತೇವೆ. ಸಿರುಗುಪ್ಪದ ಬಸ್ಸಿನಲ್ಲಿ ಮುದುಕಿಯೊಬ್ಬಳಿಗೆ ಜಾಗವನ್ನು ಬಿಟ್ಟುಕೊಡುತ್ತೇವೆ. ಮೊದಲನೆಯದರಲ್ಲಿ ಬಿಟ್ಟದ್ದು ಯಾರ ಕೈಗೂ ಸೇರುವುದಿಲ್ಲ. ಎರಡನೆಯದರಲ್ಲಿ ಪಡೆಯುವವರೊಬ್ಬರು ಇದ್ದೇ ಇರುತ್ತಾರೆ. ಇಂಗ್ಲಿಷ್ ಈ ಭೇದವನ್ನು ಮುಚ್ಚಿಡುತ್ತದೆ, ಕನ್ನಡ ತೆರೆದು ತೋರಿಸುತ್ತದೆ. ಈ ವಿಷಯದಲ್ಲಿ ನಮ್ಮದೇ ಮೇಲೆಂದು ನನ್ನ ಎಣಿಕೆ.

ಬಳಕೆಯಲ್ಲಿ ಜೋಪಾನವಾಗಿರಬೇಕಾದ ಕಡೆಗಳೂ ಇವೆ. ‘ಗೇವ್ ಅಪ್ ಟು ಸ್ಮೋಕ್’ ಎನ್ನಬಾರದು, ‘ಗೇವ್ ಅಪ್ ಸ್ಮೋಕಿಂಗ್’ ಎನ್ನಬೇಕು. ‘ಇಟ್’ ಬಂದರೆ ಅದು ನಡುವೆ ಕೂಡಬೇಕು: ‘ಗಿವ್ ಇಟ್ ಅಪ್’. ಇನ್ನು ಗಿವ್ ಇನ್ ಎಂಬುದು ಬೇರೆ. ಅದು ಎದುರಾಳಿಗೆ ಮಣಿಯುವುದು.

ಬಳ್ಳಾರಿಯವರಿಗೆ ಇಂಥ ಮಾತುಗಳ ತೂಕ ಹೊಸದಲ್ಲ. 1824ರಲ್ಲಿ ಮದರಾಸಿನಲ್ಲಿ ಅಚ್ಚಾದ ಇಂಗ್ಲಿಷ್-ಕನ್ನಡ ನಿಘಂಟಿನ ಕರ್ತೃ ವಿಲಿಯಂ ರೀವ್, ಇದೇ ಊರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ. ಅದಕ್ಕೂ ಮೊದಲೇ, 1800ರಲ್ಲಿ, ಹೈದರಾಬಾದಿನ ನಿಜಾಮ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಈ ಸೀಮೆಯನ್ನೇ ಬಿಟ್ಟುಕೊಟ್ಟಿದ್ದ. ಸೀಡೆಡ್ ಡಿಸ್ಟ್ರಿಕ್ಟ್ಸ್, ದತ್ತ ಮಂಡಲ ಎಂಬ ಹೆಸರು ಬಂದದ್ದು ಹಾಗೆ. ಕೊಟ್ಟುಬಿಟ್ಟ ನೆಲ ಎನ್ನಿಸಿಕೊಳ್ಳುವುದು ಯಾರಿಗೆ ಹಿತ? ತೆಲುಗರು 1928ರಲ್ಲಿ ಅದನ್ನು ತೊರೆದು ರಾಯಲಸೀಮೆ ಎಂಬ ಹೆಸರನ್ನು ಹಿಡಿದರು.

1953ರ ಅಕ್ಟೋಬರ್ 1ರಂದು ಮದರಾಸು ಈ ಜಿಲ್ಲೆಯನ್ನು ಬಿಟ್ಟುಕೊಟ್ಟಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ‘ಆದವಾನಿಯನ್ನು ನಾವೇಕೆ ಬಿಟ್ಟುಕೊಟ್ಟೆವು’ ಎಂದು ಹಿರಿಯರು ಹಲುಬುವುದನ್ನು ಕೇಳಿದ್ದೇನೆ. ಪದದ ಲೆಕ್ಕದಲ್ಲಿ ಆ ಮಾತು ಸಲ್ಲದು. ಕೈಯಲ್ಲಿದ್ದುದನ್ನಲ್ಲವೆ ಬಿಟ್ಟುಕೊಡುವುದು? ಕೊಟ್ಟದ್ದು ಮದರಾಸು. ಇವರ ಕೈಯಲ್ಲಿದ್ದದ್ದು ಆಸೆ ಮಾತ್ರ. ಅದಕ್ಕೆ ಎಳ್ಳುನೀರು ಬಿಡಬೇಕಾಯಿತು. ಗಿವ್ ಅಪ್ ಹೋಪ್ ಎನ್ನುವುದು ಇದಕ್ಕೇ. ಹಾಗೆಂದು ನಾನು ಆ ಹಿರಿಯರನ್ನು ತಿದ್ದಲು ಹೋಗಲಿಲ್ಲ.

ಹುಡುಗನಿಗೆ ಬಿಟ್ಟುಬಿಡು, ಬಿಟ್ಟುಕೊಡುಗಳ ಭೇದವನ್ನು ವಿವರಿಸುತ್ತಿದ್ದಾಗ ಒಳಗಿನಿಂದ ಅವನ ತಂದೆ, ‘ನಮ್ಮ ಅಮ್ಮನೂ ಹೊಗೆಸೊಪ್ಪು ಬಿಟ್ಟುಬಿಟ್ಟಳು’ ಎಂದರು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಒಪ್ಪಲಿಲ್ಲ. ‘ನಾನೆಲ್ಲಿ ಬಿಟ್ಟೆ? ಡಬ್ಬಿಯನ್ನು ಪಕ್ಕದ ಮನೆಯವಳಿಗೆ ಬಿಟ್ಟುಕೊಟ್ಟೆ. ಬೇಕೆನಿಸಿದಾಗ ಅಲ್ಲಿಗೇ ಹೋಗುತ್ತೇನೆ’ ಎಂದಳು. ಹುಡುಗ ಎರಡನ್ನೂ ಬರೆದುಕೊಂಡ.